ಅವರು ಹಾಡದೆ ಬಿಟ್ಟ ಮಾತು

ನನ್ನ ಕಂಪ್ಯೂಟರಿನಲ್ಲಿ ಎರಡು ನಿಮಿಷ ಹದಿನೆಂಟು ಸೆಕೆಂಡಿನ ಒಂದು ಹಾಡಿದೆ. ಅದನ್ನು ಕೇಳಿದವರು ಯಾರೇ ಆದರೂ, ಒಬ್ಬ ಮುದುಕರು ತತ್ವಪದ ಹಾಡುತ್ತಿದ್ದಾರೆ ಎನ್ನುತ್ತಾರೆ. ಅವರ ಹೆಂಡತಿಯೂ ಮೊದಲು ಹಾಗೆಯೇ ಅಂದರು. ಆ ಹಾಡು ಹೇಗೆ ಹುಟ್ಟಿತು, ಅದರಲ್ಲಿ ನಾನು ಏನು ಮಾಡಿದೆ ಎಂಬುದನ್ನು ನೆನಪಿದ್ದಷ್ಟು ಸರಿಯಾಗಿ ಬರೆದಿಡುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ನಾನು ಗಿಟಾರ್ ನುಡಿಸುವವನು. ನುಡಿಸುವುದು ಮೆಟಲ್ ಎಂಬ ಸಂಗೀತ. ಕೇಳದವರಿಗೆ ಹೇಳುವುದಾದರೆ, ಗಿಟಾರಿನ ತಂತಿಗಳನ್ನು ಸಡಿಲಿಸಿ ಸ್ವರವನ್ನು ಕೆಳಗಿಳಿಸುತ್ತೇವೆ, ಅದರ ದನಿಯನ್ನು ಬೇಕೆಂದೇ ಒಡೆಯುತ್ತೇವೆ, ಡ್ರಮ್ಮಿನ ಏಟಿಗೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನುಡಿಸುತ್ತೇವೆ. ಹಾಡುವವನು ಹಾಡುವುದಕ್ಕಿಂತ ಗುರುಗುಡುವುದೇ ಹೆಚ್ಚು. ನನ್ನ ತಾಯಿ ಮೊದಲ ಸಲ ಕೇಳಿದಾಗ ಮಿಕ್ಸಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಅಡುಗೆಮನೆಗೆ ಹೋಗಿ ನೋಡಿ ಬಂದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ತಂದೆ ಏನೂ ಅನ್ನಲಿಲ್ಲ. ಇದು ಪರೀಕ್ಷೆಯವರೆಗೆ ಇರುವ ಚಟ ಎಂದುಕೊಂಡಿದ್ದರು.

ನಾವು ಮೂವರು, ಕನ್ನಡಕ್ಕೆ ಹತ್ತಿದ ತೆಲುಗು ನಾಡಿನ ಗಡಿಯೂರುಗಳವರು. ಹಾಡುವವನು ತಾಂಡೂರಿನವನು, ಡ್ರಮ್ ಬಾರಿಸುವವನು ಝರಾಸಂಗಮದವನು, ನಾನು ಜಹೀರಾಬಾದಿನವನು. ಹಾಡುವವನ ಸೋದರಮಾವನಿಗೆ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿತ್ತು. ಅಲ್ಲಿ ನಮ್ಮ ಅಭ್ಯಾಸ. ಪಾಲಿಶ್ ಯಂತ್ರ ಓಡುತ್ತಿರುವಾಗಲೇ ನುಡಿಸಬೇಕು. ಅದು ನಿಂತರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. ಕಲ್ಲಿನ ಧೂಳಿನಲ್ಲಿ ಬೆಳ್ಳಗಾದ ಒಬ್ಬ ಕೆಲಸಗಾರ ಪ್ರತಿ ಸಲ ಗಂಭೀರವಾಗಿ ಬಂದು ನಿಂತು, "ನಮ್ದ್ ಮಷೀನ್ ದುರಸ್ತಿ ಆಗ್ಯಾದ. ನಿಮ್ದ್ ಯಾವಾಗ ಆಗ್ತದ್ರಿ?" ಎಂದು ಕೇಳಿ ಹೋಗುತ್ತಿದ್ದ.

ಹೀಗೆ ಶುರುವಾಗಿ ಹೈದರಾಬಾದಿನ ಕಾಲೇಜುಗಳಲ್ಲಿ, ಸಣ್ಣ ಕ್ಲಬ್ಬುಗಳಲ್ಲಿ, ಎರಡು ಸಲ ಪುಣೆಯಲ್ಲಿ ನುಡಿಸಿದೆವು. ಒಂದು ಆಲ್ಬಮ್ ಮಾಡಿದೆವು, ಆಮೇಲೆ ಬಿಡಿ ಹಾಡುಗಳು. ದೂರದ ದೇಶಗಳಲ್ಲಿ ಕೆಲವರು ಕೇಳಿದರು, ನಮ್ಮೂರಿನಲ್ಲಿ ಬಹಳ ಕಡಿಮೆ. ಬರಬರುತ್ತಾ ಕ್ಲಬ್ಬುಗಳು ನಮ್ಮನ್ನು ಕರೆಯುವುದನ್ನು ಬಿಟ್ಟವು. ಹಾಡುವವನು ಮಾವನ ಶೆಡ್ ನೋಡಿಕೊಳ್ಳಲು ನಿಂತ. ಡ್ರಮ್ಮಿನ ಗೆಳೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ನಾನು ಜಹೀರಾಬಾದಿನಲ್ಲಿ ಒಂದು ಕೋಣೆ ಹಿಡಿದು ಗೋಡೆಗೆ ಹಳೆಯ ಗಾದಿಗಳನ್ನು ಹೊಡೆದು ರೆಕಾರ್ಡಿಂಗ್ ಮಾಡಿಕೊಡುವ ಕೆಲಸಕ್ಕೆ ಇಳಿದೆ. ಹಬ್ಬದ ಹಾಡು, ಮದುವೆಯ ಹಾಡು, ಚುನಾವಣೆಯ ಹಾಡು. ತೆಲುಗು, ಉರ್ದು, ಕನ್ನಡ, ಏನು ಬಂದರೂ ಮಾಡಿದೆ.

ಇವತ್ತಿನ ಸಂಗೀತದ ವ್ಯಾಪಾರದ ಬಗ್ಗೆ ನನ್ನನ್ನು ಕೇಳುವವರು ನಾನು ಕಂಪನಿಗಳನ್ನು ಬೈಯುತ್ತೇನೆ ಎಂದು ಕಾಯುತ್ತಾರೆ. ಮೊದಲು ಬೈಯುತ್ತಿದ್ದೆ. ಹಾಡನ್ನು ಜನರಿಗೆ ಮುಟ್ಟಿಸುವ ಆ ಕಂಪನಿಗಳು, ಕೇಳುವವರು ಎಷ್ಟನೆಯ ಸೆಕೆಂಡಿಗೆ ಎದ್ದು ಹೋದರು ಎಂಬುದನ್ನು ಒಂದು ಗೆರೆ ಎಳೆದು ತೋರಿಸುತ್ತವೆ. ಹಾಡಿನಲ್ಲಿ ಎಲ್ಲಿ ಬಿಡುವು ಬರುತ್ತದೋ ಅಲ್ಲಿ ಆ ಗೆರೆ ಕೆಳಗೆ ಬೀಳುತ್ತದೆ. ಅದನ್ನು ನೋಡಿ ನೋಡಿ ಬಿಡುವೇ ಇಲ್ಲದಂತೆ ಹಾಡು ಕಟ್ಟುವುದನ್ನು ಕಲಿತೆ. ಆದರೆ ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ಮೊದಲೇ ಬರುತ್ತಿತ್ತು. ಮೆಟಲ್ ನುಡಿಸುವವರು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂಬ ಗಡಿಯಾರದಂಥ ಸದ್ದು ಕೇಳಿಕೊಂಡೇ ರೆಕಾರ್ಡ್ ಮಾಡುತ್ತೇವೆ. ಅದಕ್ಕೆ ಕ್ಲಿಕ್ ಎನ್ನುತ್ತೇವೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಏಟನ್ನೂ ಕತ್ತರಿಸಿ ಆ ಟಿಕ್ಕಿನ ಮೇಲೆಯೇ ಕೂಡಿಸುತ್ತೇವೆ. ತಡವಾದದ್ದನ್ನು ಮುಂದಕ್ಕೆ ಎಳೆಯುತ್ತೇವೆ, ಖಾಲಿ ಇದ್ದದ್ದನ್ನು ಮುಚ್ಚುತ್ತೇವೆ. ಇದನ್ನು ನನಗೆ ಯಾವ ಕಂಪನಿಯೂ ಕಲಿಸಲಿಲ್ಲ. ಇಷ್ಟಪಟ್ಟು ನಾನೇ ಕಲಿತೆ.

ಡ್ರಮ್ಮಿನ ಗೆಳೆಯನ ತಂದೆ ಭಜನಾ ಮಂಡಳಿಯ ಮುಖ್ಯ ಹಾಡುಗಾರರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಗೆಳೆಯನ ತಾಯಿಯನ್ನು ಅವ್ವ ಎನ್ನುತ್ತಿದ್ದೆ. ಲಿಂಗಾಯತರ ಮನೆ. ಹೊಲದ ಕೆಲಸ ಮುಗಿಸಿ ಸೋಮವಾರ ಸಂಜೆ ಮಂಡಳಿ ಕೂಡುತ್ತಿತ್ತು. ಕಾಕಾ ಏಕತಾರಿ ಹಿಡಿದು ಮೊದಲು ಹಾಡುವರು, ಉಳಿದವರು ತಾಳ, ದಮ್ಮಡಿಗಳ ಜೊತೆ ಹಿಂದೆ ಹಾಡುವರು. ಅವರು ಹೆಚ್ಚಾಗಿ ಹಾಡುತ್ತಿದ್ದುದು ತಮಗೆ ಉಪದೇಶ ಕೊಟ್ಟ ಗುರು ಕಟ್ಟಿದ ಪದಗಳನ್ನು. ಪ್ರತಿ ನುಡಿಯ ಕೊನೆಗೆ ಆ ಗುರುವಿನ ಹೆಸರು ಅಂಕಿತವಾಗಿ ಬರುತ್ತಿತ್ತು. ನಾನು ಐದಾರು ಸೋಮವಾರ ಹೋಗಿ ಕೂತು ಕೇಳಿದ್ದೇನೆ. ಆ ಹೆಸರು ಬಂದಾಗ ಇಡೀ ಮಂಡಳಿ ಒಂದೇ ದನಿಯಲ್ಲಿ ಅದನ್ನು ಎತ್ತಿ ಹಾಡುತ್ತಿದ್ದುದು ನೆನಪಿದೆ. ಕಾಕಾ ಕೂಡ ಅದರಲ್ಲಿ ಇದ್ದರು ಎಂದೇ ನಾನು ತಿಳಿದಿದ್ದೆ. ಕಿವಿಯಿಂದ ಬದುಕುವವನು ನಾನು. ಆದರೂ ತಿಳಿದದ್ದು ಹಾಗೆ.

ಅವರ ದನಿಯನ್ನು ನಮ್ಮ ಒಂದು ಹಾಡಿನಲ್ಲಿ ಬಳಸೋಣ ಎಂದವನು ಗೆಳೆಯ. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಕಾರನ್ನು ನನ್ನ ಕೋಣೆಗೆ ಕರೆದುಕೊಂಡು ಬಂದ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಕ್ಲಿಕ್ ಕೇಳಿಸಿತು. ಅವರು ತುಸು ಹೊತ್ತು ಕೇಳಿ ಒಂದು ಕಿವಿಯಿಂದ ಅದನ್ನು ಸರಿಸಿದರು.

"ಇದೇನ್ ತಮ್ಮಾ, ಟಿಕ್ ಟಿಕ್?"

ತಾಳ ತಪ್ಪದಿರಲಿ ಎಂದು ಇಟ್ಟಿರುವುದು ಎಂದೆ.

"ನಾ ಯಾರ್ನೂ ಕಾಯಂಗಿಲ್ಲಪಾ. ಬಸ್ಸಿಗೇ ಕಾಯಂಗಿಲ್ಲ, ಇದಕ್ಕೇನ್ ಕಾಯ್ಲಿ," ಎಂದು ಹೆಡ್‌ಫೋನನ್ನು ತೆಗೆದು ಮಗನ ಕೈಗೆ ಕೊಟ್ಟರು.

ಆಮೇಲೆ ಹಾಡಿದರು. ಮೂರು ನುಡಿಯ ಒಂದು ಪದ. ನಡುವೆ ಒಮ್ಮೆ ಕೆಮ್ಮಿದರು. ಪ್ರತಿ ನುಡಿಯ ಕೊನೆಗೆ ಬಂದಾಗ ಹಾಡುವುದನ್ನು ನಿಲ್ಲಿಸಿದರು. ನಾಲ್ಕು ಸೆಕೆಂಡಿನಷ್ಟು. ನಿಲ್ಲಿಸಿದಾಗ ಹುಬ್ಬು ಮೇಲೆ ಎತ್ತಿ ನನ್ನ ಕಡೆ, ಮಗನ ಕಡೆ ನೋಡಿದರು. ನಾವಿಬ್ಬರೂ ಸುಮ್ಮನಿದ್ದೆವು. ರೆಕಾರ್ಡಿಂಗ್ ನಡೆಯುವಾಗ ಉಸಿರು ಕೂಡ ಬಿಗಿಹಿಡಿದು ಕೂಡುವುದು ನಮ್ಮ ರೂಢಿ. ಅವರು ಮುಂದಿನ ನುಡಿಗೆ ಹೋದರು. ಮೂರು ನುಡಿ, ಮೂರು ಸಲ ಹೀಗೆಯೇ ಆಯಿತು. ಅಪ್ಪನ ಭಜನೆಗೆ ಎಂದೂ ಕೂರದ ಗೆಳೆಯ, ಅವರಿಗೆ ದಮ್ಮು ಹತ್ತುತ್ತಿದೆ ಎಂದು ನನಗೆ ಸನ್ನೆ ಮಾಡಿದ. ನಾನೂ ಹಾಗೆಯೇ ತಿಳಿದೆ.

ಅವರು ಹೋದ ಮೇಲೆ ಎರಡು ದಿನ ಕೂತು ಆ ಹಾಡನ್ನು ಕತ್ತರಿಸಿದೆ. ಕೆಮ್ಮು ತೆಗೆದೆ. ಎಳೆದು ಹಾಡಿದ್ದನ್ನು ಬಿಗಿ ಮಾಡಿದೆ. ಮೂರು ಬಿಡುವುಗಳನ್ನು ಮುಚ್ಚಿ ಒಂದು ನುಡಿಯ ಬಾಲಕ್ಕೆ ಇನ್ನೊಂದು ನುಡಿಯ ತಲೆ ಅಂಟಿಸಿದೆ. ಅದರ ಮೇಲೆ ಗಿಟಾರ್, ಡ್ರಮ್ ಬಂದವು. ಕೆಲಸ ಮುಗಿದ ಮೇಲೆ ಡಿಸ್ಕಿನಲ್ಲಿ ಜಾಗ ಬೇಕೆಂದು ಮೂಲ ರೆಕಾರ್ಡಿಂಗನ್ನು ಅಳಿಸಿದೆ. ಇದರಲ್ಲಿ ಬೇರೆ ಯಾರ ಕೈಯೂ ಇಲ್ಲ. ಅಳಿಸಲೇ ಎಂದು ಕಂಪ್ಯೂಟರ್ ಒಮ್ಮೆ ಕೇಳಿತು, ಹೌದು ಎಂದು ಒತ್ತಿದೆ.

ಮುಗಿದ ಹಾಡನ್ನು ಕಾಕಾ ಮಗನ ಫೋನಿನಲ್ಲಿ ಕೇಳಿದರು. "ನನ್ನ ಹಿಂದ ಲಾರಿ ಬಿಟ್ಟೀರಲ್ಲೋ," ಎಂದು ನಕ್ಕರು. ಬಿಡುವು ಹೋದದ್ದು ಅವರಿಗೆ ಗೊತ್ತಾಗದೆ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಬರೆಯಬೇಕು, ಯಾಕೆಂದರೆ ಮುಂದೆ ಬಳಸಿದ ಸಾಫ್ಟ್‌ವೇರ್ ನನ್ನ ಕೈಗೆ ಬಂದದ್ದು ಇದರಿಂದ. ನಾರಾಯಣಖೇಡದಲ್ಲಿ ಮದುವೆಯ ವಿಡಿಯೋ ಮಾಡುವವರೊಬ್ಬರು ನನಗೆ ಕೆಲಸ ಕೊಡುತ್ತಿದ್ದರು. ಕಲ್ಹೇರ್ ಕಡೆಯ ಒಬ್ಬ ಹೆಣ್ಣುಮಗಳು ಅವರಿಗಾಗಿ ನನ್ನ ಕೋಣೆಯಲ್ಲಿ ನಾಲ್ಕು ಹಾಡು ಹಾಡಿ ಹೋಗಿದ್ದರು. ಒಳ್ಳೆಯ, ತುಸು ಒರಟು ದನಿ. ಮುಂದಿನ ಸಲ ಅವರನ್ನು ಕರೆಸುವುದು ಬೇಡ, ಇದ್ದ ದನಿಯಿಂದಲೇ ಮಾಡು ಎಂದು ಆ ಮನುಷ್ಯ ಹೇಳಿದರು. ಒಬ್ಬರ ದನಿಯ ಮಾದರಿ ಕೊಟ್ಟು ಹಾಡಿನ ಸಾಲುಗಳನ್ನು ಟೈಪ್ ಮಾಡಿದರೆ ಯಂತ್ರ ಅದೇ ದನಿಯಲ್ಲಿ ಹಾಡುತ್ತದೆ. ನಾನು ಆರು ಹಾಡು ಹಾಗೆ ಮಾಡಿಕೊಟ್ಟೆ. ಕೆಲವು ತಿಂಗಳ ಮೇಲೆ ಆ ಹೆಣ್ಣುಮಗಳು ಬಸ್ಸಿನಲ್ಲಿ ಜಹೀರಾಬಾದಿಗೆ ಬಂದಾಗ ನನ್ನ ಕೋಣೆಗೆ ಬಂದರು. ಸಂಬಂಧಿಕರ ಮದುವೆಯಲ್ಲಿ ಒಂದು ಹಾಡು ಕೇಳಿದರಂತೆ. ದನಿ ತಮ್ಮದೇ, ಆದರೆ ಹಾಡಿದ ನೆನಪಿಲ್ಲ. ತಾವು ಅದನ್ನು ಹಾಡಿದ್ದು ಯಾವಾಗ ಎಂದು ತೆಲುಗಿನಲ್ಲಿ ಕೇಳಿದರು. ಜಗಳಕ್ಕೆ ಬಂದವರಲ್ಲ. ತಮ್ಮ ನೆನಪಿನ ಮೇಲೆಯೇ ಅನುಮಾನ ಬಂದು ಬಂದವರು. ಮರೆತಿರಬೇಕು ಅಕ್ಕಾ ಎಂದೆ. ಅವರು ತಲೆಯಾಡಿಸಿ, ಹೌದು, ಈಚೆಗೆ ಎಲ್ಲ ಮರೆಯುತ್ತದೆ ಎಂದು ಹೇಳಿ ಹೋದರು. ಅವರ ಊರಿಗೆ ಹೋಗಿ ನಿಜ ಹೇಳುವ ಕೆಲಸ ಇನ್ನೂ ಆಗಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಕೆಲವು ತಿಂಗಳ ಮೇಲೆ ಗೆಳೆಯ ನನ್ನ ಕೋಣೆಗೆ ಬಂದು ಗಾದಿಯ ಗೋಡೆಗೆ ಒರಗಿ ಕೂತ. ಅವ್ವ ರೊಟ್ಟಿ ಬಡಿಯುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸುತ್ತಾರೆ ಎಂದ. ಯಾಕೆ ಎಂದು ಕೇಳಿದರೆ, "ಅವರ ಮಾರಿ ಫೋಟೋದಾಗ ಅದ. ದನಿ ನೆನಪ ಮಾಡ್ಕೊಳ್ಳಾಕ ಹೋದ್ರ ಬರವಲ್ದು," ಎನ್ನುತ್ತಾರಂತೆ. ಮನೆಯಲ್ಲಿ ಇರುವ ವಿಡಿಯೋಗಳಲ್ಲೆಲ್ಲ ಮಂಡಳಿಯ ಗದ್ದಲವೇ ಇದೆ, ತಾಳದ ನಡುವೆ ಕಾಕಾರ ದನಿ ಬೇರೆಯಾಗಿ ಕೇಳುವುದಿಲ್ಲ. ವರ್ಷದ ಪುಣ್ಯಸ್ಮರಣೆಯ ಹೊತ್ತಿಗೆ ಅಪ್ಪನ ದನಿ ಒಂದನ್ನೇ ಅವ್ವನಿಗೆ ಕೇಳಿಸಬೇಕು, ಆವತ್ತು ರೆಕಾರ್ಡ್ ಮಾಡಿದ್ದು ನಿನ್ನ ಹತ್ತಿರ ಇದೆಯಲ್ಲ ಎಂದ.

ಇದೆ ಎಂದೆ. ಅಳಿಸಿದ್ದು ನನಗೆ ಆ ಕ್ಷಣದಲ್ಲಿ ಚೆನ್ನಾಗಿ ನೆನಪಿತ್ತು. ಆದರೂ ಇದೆ ಎಂದೆ.

ಉಳಿದಿದ್ದು ನಮ್ಮ ಮೆಟಲ್ ಹಾಡು ಮಾತ್ರ. ಅದರಿಂದ ಗಿಟಾರನ್ನೂ ಡ್ರಮ್ಮನ್ನೂ ಬೇರೆ ಮಾಡಿ ದನಿಯನ್ನು ಹೊರತೆಗೆಯುವ ಉಪಾಯಗಳು ಈಗ ಇವೆ. ಹೊರತೆಗೆದೆ. ಬಂದದ್ದು ನೀರಿನ ಕೆಳಗಿನಿಂದ ಕೇಳಿದಂತೆ ಇತ್ತು. ನನ್ನ ಗಿಟಾರ್ ಎಲ್ಲಿ ಜೋರಾಗಿತ್ತೋ ಅಲ್ಲಿ ಅಕ್ಷರಗಳೇ ಇರಲಿಲ್ಲ. ಆಗ ಕಲ್ಹೇರಿನ ಹೆಣ್ಣುಮಗಳ ದನಿಗೆ ಬಳಸಿದ ಸಾಫ್ಟ್‌ವೇರ್ ತೆರೆದೆ. ಸಾಲುಗಳು ಬೇಕಾಗಿದ್ದವು. ಗೆಳೆಯನಿಗೆ ಕೇಳಿದಾಗ ಮನೆಯ ಭಜನೆಯ ವಹಿಯ ಪುಟವನ್ನು ಫೋಟೋ ತೆಗೆದು ಕಳಿಸಿದ. ಪದ ಕನ್ನಡದ್ದು, ಬರೆದದ್ದು ತೆಲುಗು ಅಕ್ಷರದಲ್ಲಿ. ಅವನ ತಂಗಿ ಶಾಲೆಯಲ್ಲಿ ಕಲಿತದ್ದು ಅದೇ ಅಕ್ಷರ, ಅಪ್ಪ ಹೇಳಿದಂತೆ ಬರೆದುಕೊಂಡಿದ್ದಳು. ಪ್ರತಿ ನುಡಿಯ ಕೊನೆಗೆ ಗುರುವಿನ ಹೆಸರು ಪೂರ್ತಿಯಾಗಿ ಇತ್ತು. ನಮ್ಮ ಹಾಡಿನಲ್ಲಿ ಆ ಹೆಸರು ಕೇಳಿಸದ್ದನ್ನು ಗಿಟಾರ್ ನುಂಗಿದೆ ಎಂದುಕೊಂಡು, ನಾನು ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿದೆ.

ಯಂತ್ರ ಹಾಡಿತು. ಸಿಕ್ಕ ಕಡೆ ಕಾಕಾರ ನಿಜವಾದ ದನಿಯ ಚೂರುಗಳನ್ನು ಇಟ್ಟು, ಇಲ್ಲದ ಕಡೆ ಯಂತ್ರದ್ದನ್ನು ಇಟ್ಟು ಬೆಸೆದೆ. ಮೂರು ವಾರ ಹಿಡಿಯಿತು. ಕೊನೆಗೆ ಬೆಸುಗೆ ಎಲ್ಲಿದೆ ಎಂದು ನನಗೇ ಕೇಳಿಸದಾಯಿತು. ಅವತ್ತು ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಕಲಿತ ಕೈಚಳಕವೆಲ್ಲ ಒಂದು ಒಳ್ಳೆಯ ಕೆಲಸಕ್ಕೆ ಬಂತು ಎಂದುಕೊಂಡೆ. ಗೆಳೆಯನಿಗೆ ಅರ್ಧ ಹೇಳಿದೆ. ಅಲ್ಲಲ್ಲಿ ಹಾಳಾಗಿತ್ತು, ತುಸು ಯಂತ್ರದಿಂದ ತುಂಬಿದ್ದೇನೆ ಎಂದೆ. ಅವ್ವನಿಗೆ ಅದೆಲ್ಲ ಹೇಳುವುದು ಬೇಡ ಎಂದು ಅವನೇ ಅಂದ.

ಪುಣ್ಯಸ್ಮರಣೆಯ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಫೋಟೋದ ಮುಂದೆ ವಿಭೂತಿ, ಹೂವು. ಅವ್ವ ಗೋಡೆಯ ಕಡೆ ಹೆಂಗಸರ ಜೊತೆ ಕೂತಿದ್ದರು. ಮಂಡಳಿಯವರು ಎಂಟು ಜನ ಎದುರಿಗೆ. ಅವರಲ್ಲಿ ತಾಳ ಹಾಕುವವರು ಎಲ್ಲರಿಗಿಂತ ಹಿರಿಯರು, ಕಾಕಾರ ಓರಗೆಯವರು. ಜಂಗಮರ ಪೂಜೆ ಮುಗಿದ ಮೇಲೆ ಗೆಳೆಯ ಎದ್ದು, ಈಗ ಅಪ್ಪನೇ ಹಾಡುತ್ತಾರೆ, ಮಂಡಳಿಯವರು ಹಿಂದೆ ಹಾಡಲಿ ಎಂದ. ನಾನು ಸ್ಪೀಕರಿನ ಹತ್ತಿರ ಇದ್ದೆ. ಹಾಡು ಹಚ್ಚಿದೆ.

ಮೊದಲ ಸಾಲಿಗೇ ಅವ್ವ ಸೆರಗು ಬಾಯಿಗೆ ಒತ್ತಿಕೊಂಡರು. "ಅವರೇ," ಎಂದರು. ಪಕ್ಕದ ಹೆಂಗಸು ಅವರ ಬೆನ್ನ ಮೇಲೆ ಕೈಯಿಟ್ಟರು. ತಾಳ ಶುರುವಾಯಿತು, ದಮ್ಮಡಿ ಸೇರಿತು. ಮೊದಲ ನುಡಿಯ ಕೊನೆ ಬಂತು. ಮಂಡಳಿಯವರು ಗುರುವಿನ ಹೆಸರು ಎತ್ತಲು ಬಾಯಿ ತೆರೆದರು. ಸ್ಪೀಕರಿನಿಂದ ಕಾಕಾರ ದನಿ ಅವರಿಗಿಂತ ಮೊದಲು ಆ ಹೆಸರನ್ನು ಹಾಡಿತು.

ತಾಳ ನಿಂತಿತು. ದಮ್ಮಡಿ ಇನ್ನೂ ನಾಲ್ಕು ಏಟು ನಡೆದು ನಿಂತಿತು. ಹಾಡು ಮಾತ್ರ ಎರಡನೆಯ ನುಡಿಗೆ ಹೋಗಿ ಅದರ ಕೊನೆಗೆ ಮತ್ತೆ ಆ ಹೆಸರು ಹೇಳಿತು. ಯಾರೂ ಜೊತೆಗೆ ಹಾಡಲಿಲ್ಲ. ಏನಾಯಿತೆಂದು ನನಗೆ ತಿಳಿಯಲಿಲ್ಲ, ಆದರೂ ಹಾಡು ನಿಲ್ಲಿಸಿದೆ.

ತಾಳದ ಹಿರಿಯರು ಯಾರನ್ನೂ ನೋಡದೆ, "ಅಂವ ಅಂದಾನ," ಎಂದರು. ಅದು ಪ್ರಶ್ನೆಯಂತೆಯೂ ಇರಲಿಲ್ಲ.

ಪಕ್ಕದಲ್ಲಿ ಕೂತವರೊಬ್ಬರು ನನಗೆ ತಗ್ಗಿದ ದನಿಯಲ್ಲಿ ವಿವರಿಸಿದರು. ಆ ಗುರುವಿನಿಂದ ನೇರವಾಗಿ ಉಪದೇಶ ಪಡೆದವರು ಅವರ ಹೆಸರನ್ನು ತಮ್ಮ ಬಾಯಿಂದ ಹೇಳುವುದಿಲ್ಲ. ಹಾಡಿನಲ್ಲಿ ಆ ಜಾಗ ಬಂದಾಗ ಸುಮ್ಮನಾಗುತ್ತಾರೆ, ಉಪದೇಶ ಪಡೆಯದವರು, ಕಿರಿಯರು, ಕೇಳಲು ಕೂತವರು ಅದನ್ನು ಹೇಳಿ ಪೂರ್ತಿ ಮಾಡುತ್ತಾರೆ. ಮಂಡಳಿಯಲ್ಲಿ ಅಂಥವರು ಇಬ್ಬರೇ ಇದ್ದದ್ದು, ಕಾಕಾ ಮತ್ತು ಈ ತಾಳದ ಹಿರಿಯರು. ಕಾಕಾ ಆ ಹೆಸರು ಹೇಳದೆ ಐವತ್ತು ವರ್ಷದ ಮೇಲೆ ಆಗಿತ್ತು. ಮಗಳಿಗೆ ವಹಿ ಬರೆಸುವಾಗಲೂ ಆ ಜಾಗಕ್ಕೆ ಬಂದರೆ ಅವ್ವನ ಕಡೆ ಕೈ ತೋರಿಸುತ್ತಿದ್ದರಂತೆ, ಅವ್ವ ಹೇಳುತ್ತಿದ್ದರಂತೆ.

ನನ್ನ ಕೋಣೆಯಲ್ಲಿ ಹುಬ್ಬೆತ್ತಿ ನಮ್ಮಿಬ್ಬರನ್ನು ನೋಡಿದ್ದು ಯಾಕೆಂದು ಅಲ್ಲಿ ಕೂತಾಗ ತಿಳಿಯಿತು. ನಾವು ಹೇಳಲಿ ಎಂದು ಮೂರು ಸಲ ಕಾದಿದ್ದರು.

ಅವ್ವ ಎದ್ದು ಬಂದರು. ಗೆಳೆಯನ ಹತ್ತಿರ ಹೋಗುತ್ತಾರೆ ಎಂದುಕೊಂಡೆ. ಅವನನ್ನು ದಾಟಿ ನನ್ನ ಎದುರಿಗೆ ಬಂದು ನಿಂತರು.

"ತಮ್ಮಾ, ನೀ ಅವರ ಎದುರಿಗೆ ಇದ್ದಿ. ಆ ಮಾತು ಅವರ ಬಾಯಿಂದ ಬಂದದ್ದು ನೀ ಕೇಳಿದೇನು?"

ಗೆಳೆಯ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ಹೇಳಬೇಡ ಎಂಬಂತೆ. ನಾನು ಹೌದು ಎಂದರೆ ದನಿ ಅವ್ವನಿಗೆ ಉಳಿಯುತ್ತಿತ್ತು, ಕಾಕಾ ಐವತ್ತು ವರ್ಷ ಪಾಲಿಸಿದ ನೇಮ ನನ್ನ ಕೋಣೆಯಲ್ಲಿ ಮುರಿದುಹೋದಂತೆ ಆಗುತ್ತಿತ್ತು. ಇಲ್ಲ ಎಂದರೆ ದನಿ ಹೋಗುತ್ತಿತ್ತು. ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದೆನೆಂದು ಹೇಳಲಾರೆ.

"ಇಲ್ಲ ಅವ್ವಾ. ಕಾಕಾ ಅಂದಿಲ್ಲ. ಅದು ಮಷೀನ್ ಅಂದದ್ದು. ನಾ ಅನಿಸಿದ್ದು," ಎಂದೆ. ಮೂಲವನ್ನು ಅಳಿಸಿದ್ದನ್ನೂ ಹೇಳಿದೆ.

ಅವರು ತಾಳದ ಹಿರಿಯರ ಕಡೆ ತಿರುಗಿ, "ಕೇಳಿದ್ರಿಲ್ರಿ? ಅಂದಿಲ್ಲ," ಎಂದರು. ಹಿರಿಯರು ತಾಳಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. ಅವ್ವ ಮತ್ತೆ ನನ್ನ ಕಡೆ ಬಂದು, ಉಳಿದದ್ದರಲ್ಲಿ ಅವರದು ಯಾವುದು ಎಂದು ಕೇಳಿದರು. ಕೆಲವು ಚೂರು ಅವರದೇ, ಆದರೆ ಯಾವುವೆಂದು ಈಗ ಖಚಿತವಾಗಿ ಹೇಳಲಾರೆ ಎಂದೆ. ಬೆಸುಗೆ ಕಾಣದಂತೆ ಮಾಡಿದವನು ನಾನೇ.

"ಹಂಗಾದ್ರ ಪೂರಾ ತಗದ ಬಿಡು. ಎಲ್ಲೆಲ್ಲಿ ಹೋಗ್ಯಾದ, ಎಲ್ಲಾ ಕಡಿಂದ ತಗಿ. ಅವರು ಅಂದ್ರಂತ ನಾಳಿ ಯಾರೂ ಅನ್ನಬಾರ್ದು."

ಅವರು ಅಳಲಿಲ್ಲ. ಊಟಕ್ಕೆ ಎಲೆ ಹಾಕಲು ಹೇಳಿದರು. ನನಗೂ ಬಡಿಸಿದರು.

ತೆಗೆಯುವುದು ಸುಲಭವಿರಲಿಲ್ಲ. ಹಿಂದಿನ ದಿನವೇ ಗೆಳೆಯ ಸಂತೋಷದಿಂದ ಆ ಹಾಡನ್ನು ಬಳಗದವರ ಫೋನ್ ಗುಂಪಿಗೆ ಕಳಿಸಿದ್ದ. ಅವರಿಂದ ಇನ್ನೂ ಕೆಲವರಿಗೆ ಹೋಗಿತ್ತು. ನಾನು ಮತ್ತು ಗೆಳೆಯ ಕೂತು ಪಟ್ಟಿ ಮಾಡಿದೆವು. ಮೂವತ್ತೊಂದು ಮನೆ. ಫೋನ್ ಮಾಡಿ ಹೇಳಿದರೆ ಜನ ಹೂಂ ಎನ್ನುತ್ತಾರೆ, ಅಳಿಸುವುದಿಲ್ಲ. ಅದಕ್ಕೆ ಮನೆಮನೆಗೆ ಹೋಗುತ್ತಿದ್ದೇನೆ. ಕೆಲಸವಿಲ್ಲದ ದಿನ ಬಸ್ಸು ಹತ್ತಿ ಹೋಗಿ, ನಿಜ ಹೇಳಿ, ನನ್ನ ಎದುರಿಗೇ ಅಳಿಸಿಸಿ ಬರುತ್ತೇನೆ. ಒಂದು ಊರಿನಲ್ಲಿ ಭಜನೆಯ ಒಬ್ಬ ಹುಡುಗ ಅಷ್ಟರಲ್ಲಿ ಆ ಪದವನ್ನು ಫೋನಿನಿಂದಲೇ ಕಲಿತಿದ್ದ. ಬಿಡುವಿಲ್ಲದೆ, ನಾನು ಬಿಗಿ ಮಾಡಿದ ತಾಳದಲ್ಲಿ, ಒಂದು ಚೂರೂ ತಪ್ಪದೆ ಹಾಡಿ ತೋರಿಸಿದ. ಚೆನ್ನಾಗಿದೆಯೇ ಎಂದು ಕೇಳಿದ. ಬಿಡುವು ಎಲ್ಲಿ ಇತ್ತು, ಅದನ್ನು ಮುಚ್ಚಿದವನು ಯಾರು ಎಂಬುದನ್ನು ಅವನಿಗೆ ಹೇಳಿದೆ.

ಹೋದ ವಾರ ರಾಯಿಕೋಡಿಗೆ ಹೋಗಿದ್ದೆ. ಅಲ್ಲಿ ಕಾಕಾರ ತಂಗಿ ಇದ್ದಾರೆ. ಎಪ್ಪತ್ತರ ಹತ್ತಿರ ವಯಸ್ಸು. ನಾನು ಹೋದಾಗ ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಫೋನು ಮೊರದ ಪಕ್ಕದಲ್ಲೇ ಇತ್ತು. ಅವರ ಅತ್ತಿಗೆಯಾದ ಅವ್ವ ಅಳಿಸಲು ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಬೇಳೆ ಆರಿಸುತ್ತಲೇ ಕೇಳಿದರು.

"ನಮ್ಮ ವೈನಿಗಿ ಅಣ್ಣನ ನೇಮ ಬೇಕು. ಬರೋಬರಿ ಅದ. ನನಗ ಅಣ್ಣನ ದನಿ ಬೇಕಪಾ. ದಿನಾ ಮುಂಜಾನಿ ಹಚ್ಚಿ ಕೇಳ್ತೀನಿ."

ಅದು ಅವರ ದನಿ ಅಲ್ಲವೆಂದು ಮತ್ತೆ ಹೇಳಿದೆ.

"ಪೂರಾ ಅಲ್ಲೇನು?"

"ಸ್ವಲ್ಪ ಅವರದೇ ಅದ್ರಿ."

"ಯಾವದು?"

"ಅದು ನನಗೂ ಗೊತ್ತಾಗವಲ್ದ್ರಿ."

"ಹಂಗಾದ್ರ ಗೊತ್ತಿಲ್ಲದ್ದು ಹ್ಯಾಂಗ ಅಳಸ್ತಿ?" ಎಂದರು. ಅವರು ಬೇಳೆಯಿಂದ ಒಂದು ಹರಳು ತೆಗೆದು ಹೊರಗೆ ಎಸೆದು, ಆಮೇಲೆ ನಿಧಾನವಾಗಿ, "ಅಣ್ಣ ಅನ್ನಲಾರದ್ದು ಅಷ್ಟು ತಗದ ಕೊಡು. ಅದು ನನಗೂ ಬ್ಯಾಡ. ಉಳದದ್ದು ಇರ್ಲಿ," ಎಂದರು.

ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಅವರ ಹೊಸ್ತಿಲಲ್ಲೇ ಕೂತು ಮೂರು ಕಡೆ ಆ ಹೆಸರನ್ನು ಕತ್ತರಿಸಿ ತೆಗೆದೆ. ಆ ಜಾಗವನ್ನು ಮುಚ್ಚದೆ ಖಾಲಿ ಬಿಟ್ಟೆ. ಎಷ್ಟು ಹೊತ್ತು ಬಿಡಬೇಕೆಂದು ಅಳೆಯಲು ಮೂಲ ಇರಲಿಲ್ಲ. ಕಾಕಾ ಹುಬ್ಬೆತ್ತಿ ನೋಡಿದ್ದನ್ನು ನೆನಪಿಸಿಕೊಂಡು ನಾಲ್ಕು ಸೆಕೆಂಡು ಬಿಟ್ಟೆ. ಅದೂ ನನ್ನ ಅಂದಾಜು. ಹಳೆಯದನ್ನು ಅಳಿಸಿ ಇದನ್ನು ಅವರ ಫೋನಿಗೆ ಹಾಕಿಕೊಟ್ಟೆ. ಅವರು ಅಲ್ಲಿಯೇ ಹಚ್ಚಿದರು. ಮೊದಲ ನುಡಿಯ ಕೊನೆಗೆ ದನಿ ನಿಂತಾಗ, ಮೊರದಿಂದ ಕಣ್ಣೆತ್ತದೆ, ಗುರುವಿನ ಹೆಸರನ್ನು ತಾವೇ ಮೆಲ್ಲಗೆ ಹೇಳಿದರು. ಮುಂದಿನ ನುಡಿ ಬಂತು.

ಅವ್ವ ಪೂರಾ ತೆಗೆ ಎಂದಿದ್ದರು. ನಾನು ಪೂರಾ ತೆಗೆದಿಲ್ಲ. ಹೇಳುವುದೇನೂ ಬೇಡ, ಅಳಿಸಿದೆ ಅಂದುಬಿಡು ಎಂದು ಗೆಳೆಯ ಹೇಳುತ್ತಾನೆ. ರಾಯಿಕೋಡಿನ ಆ ಹೊಸ್ತಿಲಲ್ಲಿ ನಾನು ಮಾಡಿದ್ದು ಸರಿಯೋ, ಇನ್ನೊಂದು ತಪ್ಪೋ, ಅದನ್ನು ತೀರ್ಮಾನಿಸುವ ಹಕ್ಕು ನನ್ನದಲ್ಲ, ಅವ್ವನದು ಎಂದಷ್ಟೇ ನನಗೆ ಗೊತ್ತಿದೆ. ಇದು ಅವರಿಗೆ ತಿಳಿದರೆ ಅತ್ತಿಗೆ ನಾದಿನಿಯ ನಡುವೆ ಏನಾಗುತ್ತದೆ ಎಂಬ ಹೆದರಿಕೆಯೂ ಇದೆ.

ಇಷ್ಟರಲ್ಲಿ ಇಪ್ಪತ್ತೆರಡು ಮನೆ ಮುಗಿದಿವೆ. ಸೋಮವಾರ ಬೆಳಿಗ್ಗೆ ಝರಾಸಂಗಮಕ್ಕೆ ಅವ್ವನ ಹತ್ತಿರ ಹೋಗಬೇಕು. ಅವ್ವನಿಗೆ ಓದಲು ಬರುವುದಿಲ್ಲ. ಪಟ್ಟಿಯನ್ನು ನಾನೇ ಒಂದೊಂದಾಗಿ ಓದಿ ಹೇಳುತ್ತೇನೆ, ಅವರು ಬೆರಳು ಮಡಚುತ್ತಾ ಕೇಳುತ್ತಾರೆ. ರಾಯಿಕೋಡಿನ ಸಾಲಿನ ಮುಂದೆ ಇನ್ನೂ 'ಆಯಿತು' ಎಂದು ಬರೆದಿಲ್ಲ.